ಎದುರು ನಿಂತು ಕುಣಿದವರು

ನೃತ್ಯವನ್ನು ವಿಶ್ವವಿದ್ಯಾಲಯದ ಹೊಸ್ತಿಲೊಳಗೆ ಕರೆತಂದವರು ಹಲವರಿದ್ದಾರೆ. ಕರೆತಂದ ಮೇಲೆ ಅದಕ್ಕೆ ನಿಲ್ಲಲು ನೆಲ ಮಾಡಿಕೊಟ್ಟವರು ಕೆಲವರು ಮಾತ್ರ. ವೇದಿಕೆಯ ಮೇಲೆ ಹುಟ್ಟಿ ವೇದಿಕೆಯ ಮೇಲೆಯೇ ಕರಗಿಹೋಗುವ ಕಲೆಯೊಂದಕ್ಕೆ ಪಠ್ಯಕ್ರಮ, ಹಾಜರಾತಿ, ಆಂತರಿಕ ಅಂಕ, ಬಾಹ್ಯ ಪರೀಕ್ಷಕ ಎಂಬ ಬಿಗಿ ಅಂಗಿಗಳನ್ನೆಲ್ಲ ತೊಡಿಸುವುದು, ತೊಡಿಸಿದ ಮೇಲೂ ಅದರ ಉಸಿರು ಕಟ್ಟದಂತೆ ನೋಡಿಕೊಳ್ಳುವುದು, ಒಬ್ಬರ ಇಡೀ ಆಯುಷ್ಯವನ್ನು ಬೇಡುವ ಕೆಲಸ. ಈ ವರ್ಷ ಸೇವೆಯಿಂದ ನಿವೃತ್ತರಾಗುತ್ತಿರುವ ನೃತ್ಯ ವಿಭಾಗದ ಮುಖ್ಯಸ್ಥರು ಆ ಕೆಲಸಕ್ಕೆ ತಮ್ಮ ಇಪ್ಪತ್ತೇಳು ವರ್ಷಗಳನ್ನು ಕೊಟ್ಟರು. ಕಚೇರಿಯ ಕಾಗದಗಳಲ್ಲಿ ಅವರು ಪ್ರಾಧ್ಯಾಪಕರು, ಸಹೋದ್ಯೋಗಿಗಳಿಗೆ ಮೇಡಂ, ವಿದ್ಯಾರ್ಥಿಗಳು ಮಾತ್ರ ಅವರ ಬೆನ್ನ ಹಿಂದೆ 'ಎದುರು ಮೇಡಂ' ಎನ್ನುತ್ತಿದ್ದರು. ಬೆನ್ನ ಹಿಂದೆ ಎಂದದ್ದು ವಾಡಿಕೆಯ ಮಾತು. ನಿಜ ಹೇಳುವುದಾದರೆ, ತರಗತಿಯಲ್ಲಿ ಅವರ ಬೆನ್ನನ್ನು ಕಂಡ ವಿದ್ಯಾರ್ಥಿಗಳೇ ಇರಲಿಲ್ಲ.

ಅವರು ಇಲ್ಲಿಗೆ ಬಂದಾಗ ಹೆಸರಾಂತ ನರ್ತಕಿ. ಸ್ವತಃ ಸಂಯೋಜಿಸಿದ ಏಕವ್ಯಕ್ತಿ ನೃತ್ಯವೊಂದು ಅವರ ಹೆಸರನ್ನು ದೂರದೂರಕ್ಕೆ ಒಯ್ದಿತ್ತು. ಬಿರುಗಾಳಿಗೆ ಮೈಯೊಡ್ಡಿ ಮನೆಯ ಕಡೆ ನಡೆಯುವ ಹೆಂಗಸೊಬ್ಬಳು, ಅಷ್ಟೇ ಅದರ ಕಥೆ. ಗಾಳಿ ವೇದಿಕೆಯ ಬಲಮಗ್ಗುಲಿಂದ ಬೀಸುತ್ತದೆ. ಅವಳು ಎಡಮಗ್ಗುಲಿಂದ ಹೊರಡುತ್ತಾಳೆ. ಮುಂದಿಟ್ಟ ಹೆಜ್ಜೆಯನ್ನು ಗಾಳಿ ಹಿಂದಕ್ಕೆ ತಳ್ಳುತ್ತದೆ, ತಳ್ಳಿದ ಹೆಜ್ಜೆಯನ್ನು ಅವಳು ಮತ್ತೆ ಮುಂದಿಡುತ್ತಾಳೆ. ಅದಕ್ಕೆ ಅವರು ಇಟ್ಟಿದ್ದ ಉದ್ದನೆಯ ಹೆಸರು ಈಗ ಯಾರಿಗೂ ನೆನಪಿಲ್ಲ. ಎಲ್ಲರೂ ಅದನ್ನು 'ಗಾಳಿ' ಎಂದೇ ಕರೆದರು. ವಿಶ್ವವಿದ್ಯಾಲಯ ಹೊಸದಾಗಿ ನೃತ್ಯ ವಿಭಾಗ ತೆರೆದು ಅವರನ್ನು ಆಹ್ವಾನಿಸಿದಾಗ, ಎರಡು ವರ್ಷದ ಮಟ್ಟಿಗೆ ಎಂದು ಮನೆಯವರಿಗೆ ಹೇಳಿ ಒಪ್ಪಿಕೊಂಡರು. ಮನೆಯವರೆಂದರೆ ಒಬ್ಬಳೇ ತಂಗಿ, ಆಸ್ಪತ್ರೆಯಲ್ಲಿ ದಾದಿ. "ಎರಡು ವರ್ಷ ಅಂದ್ರೆ ಎರಡೇ ವರ್ಷ ಕಣಕ್ಕಾ," ಎಂದು ತಂಗಿ ಬೆರಳು ತೋರಿಸಿ ಎಚ್ಚರಿಸಿದ್ದಳಂತೆ.

ವಿಭಾಗಕ್ಕೆ ಮೊದಲು ಸಿಕ್ಕಿದ್ದು ಹಳೆಯ ಕಟ್ಟಡವೊಂದರ ಮಾಳಿಗೆಯ ಕೋಣೆ. ಹಿಂದೆ ಅಲ್ಲಿ ಭೂಪಟಗಳನ್ನು ಇಡುತ್ತಿದ್ದರು. ಗೋಡೆಯಲ್ಲಿ ಮೊಳೆಗಳಿದ್ದವು, ಕನ್ನಡಿ ಇರಲಿಲ್ಲ. ಹಲಗೆಯ ನೆಲ ಕಿಟಕಿಯ ಕಡೆಗೆ ವಾಲಿ, ನಡುವೆ ಉಬ್ಬಿ, ನಾಲ್ಕು ಹೆಜ್ಜೆ ಹಾಕುವುದರೊಳಗೆ ಯಾರಾದರೊಬ್ಬರು ಎಡವುತ್ತಿದ್ದರು. ನೆಲ ಸರಿಮಾಡಿಸಿಕೊಡಿ ಎಂದು ಮೇಡಂ ಕುಲಸಚಿವರ ಬಳಿ ಹೋದಾಗ ಆ ಹಿರಿಯರು ಕನ್ನಡಕದ ಮೇಲಿಂದ ನೋಡಿ ನಕ್ಕರು.

"ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ. ಗಾದೆ ಕೇಳಿದೀರ ತಾನೇ?"

"ಕೇಳಿದೀನಿ ಸಾರ್. ಕುಣಿಯೋಕೆ ಬರೋವಳು ಹೇಳಿದ್ರೂ ನೆಲ ಡೊಂಕೇ ಇರುತ್ತೆ. ಒಂದು ಸಲ ಬಂದು ನೋಡಿ."

ಕುಲಸಚಿವರು ಬಂದರು. ಮೇಡಂ ಅವರ ಜೇಬಿನ ಪೆನ್ನನ್ನೇ ಕೇಳಿ ಪಡೆದು ನೆಲದ ನಡುವೆ ಇಟ್ಟರು. ಅದು ನಿಧಾನವಾಗಿ ಹೊರಟು, ವೇಗ ಹಿಡಿದು, ಕಿಟಕಿಯ ಕೆಳಗಿನ ಗೋಡೆಗೆ ಟಕ್ಕೆಂದು ಬಡಿಯಿತು. ವಿದ್ಯಾರ್ಥಿಗಳು ಕೆಮ್ಮಿದಂತೆ ಮಾಡಿ ನಗು ನುಂಗಿದರು. ಕುಲಸಚಿವರು ಬಗ್ಗಿ ಪೆನ್ನು ಎತ್ತಿಕೊಂಡು, "ಗಾದೆ ಕಟ್ಟಿದವನು ಈ ರೂಮು ನೋಡಿರ್ಲಿಲ್ಲ ಬಿಡಿ," ಎಂದರು. ಆದರೂ ನೆಲ ಸರಿಹೋಗಲು ಹಲವು ವರ್ಷ ಹಿಡಿಯಿತು.

ಅವರು ಎದುರು ನಿಂತು ಕಲಿಸುವ ಪದ್ಧತಿ ಹುಟ್ಟಿದ್ದು ಆ ಡೊಂಕು ನೆಲದ ಮೇಲೆ. ಸಾಮಾನ್ಯವಾಗಿ ನೃತ್ಯದ ಗುರುಗಳು ಶಿಷ್ಯರಿಗೆ ಬೆನ್ನು ಮಾಡಿ ಮುಂದೆ ನಿಂತು ಕುಣಿದು ತೋರಿಸುತ್ತಾರೆ. ಹಿಂದಿನ ಸಾಲು ನೋಡಿ ಅನುಸರಿಸುತ್ತದೆ. ತಪ್ಪುಗಳನ್ನು ಗುರು ಕನ್ನಡಿಯಲ್ಲಿ ಕಂಡು ತಿದ್ದುತ್ತಾರೆ. ಕನ್ನಡಿಯಿಲ್ಲದ, ಕಾಲು ನಿಲ್ಲದ ಆ ಕೋಣೆಯಲ್ಲಿ ಮಕ್ಕಳಿಗೆ ಬೆನ್ನು ಮಾಡಲು ಅವರಿಗೆ ಧೈರ್ಯ ಬರಲಿಲ್ಲ. "ಯಾರು ಎಲ್ಲಿ ಬೀಳ್ತಾರೆ ಅಂತ ನಂಗೆ ಕಾಣ್ಬೇಡ್ವಾ?" ಎನ್ನುತ್ತಿದ್ದರು. ಹಾಗಾಗಿ ಎದುರು ನಿಂತರು. ಎದುರು ನಿಂತವರು ಕನ್ನಡಿಯ ಬಿಂಬದ ಹಾಗೆ ಕುಣಿಯಬೇಕಾಗುತ್ತದೆ. ಶಿಷ್ಯರ ಬಲಗೈ ಏಳಬೇಕಾದರೆ ಗುರುವಿನ ಎಡಗೈ ಏಳಬೇಕು. ಬಾಯಲ್ಲಿ 'ಬಲಕ್ಕೆ' ಎನ್ನುತ್ತ ತಮ್ಮ ಎಡಕ್ಕೆ ವಾಲಬೇಕು. ಮೊದಮೊದಲು ನಾಲಿಗೆ ತಡವರಿಸಿತು, ಕಾಲು ತಡವರಿಸಿತು. ಆಮೇಲೆ ಅದೇ ಅವರ ನಡಿಗೆಯಾಯಿತು. ಹೊಸ ಕಟ್ಟಡಕ್ಕೆ ಹೋಗಿ, ಒಂದು ಗೋಡೆ ತುಂಬ ಕನ್ನಡಿ ಬಂದಾಗ, ಅವರು ಮಾಡಿದ ಮೊದಲ ಕೆಲಸ ಅದಕ್ಕೆ ದಪ್ಪ ಪರದೆ ಹಾಕಿಸಿದ್ದು. ಯಾಕೆ ಎಂದವರಿಗೆ, "ಕನ್ನಡಿ ಇದ್ರೆ ಎಲ್ರೂ ತಮ್ಮನ್ನೇ ನೋಡ್ಕೊಂಡು ನಿಲ್ತಾರೆ. ಅವರನ್ನ ನೋಡೋಕೆ ನಾನಿದೀನಲ್ಲ," ಎಂದರು.

ಆ ನೋಟವನ್ನು ಉಂಡವರಿಗೆ ಅದರ ತೂಕ ಗೊತ್ತು. ಒಬ್ಬೊಬ್ಬರ ಕಿರುಬೆರಳು ಎಲ್ಲಿ ಸೋಲುತ್ತದೆ, ಯಾರ ಭುಜ ಹೆದರಿದಾಗ ಏಳುತ್ತದೆ, ಯಾರು ಬೆಳಿಗ್ಗೆ ಏನೂ ತಿನ್ನದೆ ಬಂದಿದ್ದಾರೆ, ಎಲ್ಲವೂ ಅವರಿಗೆ ಎದುರಿಂದಲೇ ಕಾಣುತ್ತಿತ್ತು. ಮೊದಲ ಅಂತರ್ ವಿಶ್ವವಿದ್ಯಾಲಯ ಸ್ಪರ್ಧೆಗೆ ತಂಡ ಹೋದಾಗ, ವೇದಿಕೆಯ ದೀಪಕ್ಕೆ ಕಣ್ಣು ಕೋರೈಸಿ ಹುಡುಗಿಯರು ಕಲ್ಲಾಗಿ ನಿಂತುಬಿಟ್ಟರು. ಮೇಡಂ ಮುಂದಿನ ಸಾಲಿನಿಂದೆದ್ದು, ವೇದಿಕೆಯ ಬುಡದ ಕತ್ತಲಲ್ಲಿ ನಿಂತು, ಇಡೀ ನೃತ್ಯವನ್ನು ಅವರ ಎದುರು ಕುಣಿದರು. ಹುಡುಗಿಯರು ಆ ನೆರಳನ್ನು ಹಿಡಿದುಕೊಂಡು ಕೊನೆ ಮುಟ್ಟಿದರು. ತೀರ್ಪುಗಾರರೊಬ್ಬರು ಇದನ್ನು ಕಂಡು, ಇದು ನಿಯಮಬಾಹಿರವೆಂದು ಅಂಕ ಕಳೆದರು. ಬಂದದ್ದು ಎರಡನೆಯ ಸ್ಥಾನ. ಮುಂದಿನ ವರ್ಷದಿಂದ ಸಭಾಂಗಣದಲ್ಲಿ ಕೈ ಕಟ್ಟಿಕೊಂಡೇ ಕೂರುವುದು ಅವರ ವ್ರತವಾಯಿತು. ಪಕ್ಕದಲ್ಲಿ ಕೂತವರು ಮಾತ್ರ, ಕುರ್ಚಿ ಅಲ್ಲಾಡುತ್ತದೆ ಎಂದು ದೂರುತ್ತಿದ್ದರು.

ಆ ಬಳಿಕ ವಿಭಾಗ ಗಳಿಸಿದ ಬಹುಮಾನಗಳು, ಹೊರದೇಶದ ವೇದಿಕೆಗಳಿಗೆ ಬಂದ ಆಹ್ವಾನಗಳು, ಇಲ್ಲಿ ಕಲಿತು ಬೇರೆ ಬೇರೆ ವಿಶ್ವವಿದ್ಯಾಲಯಗಳಲ್ಲಿ ನೃತ್ಯ ವಿಭಾಗಗಳನ್ನು ಕಟ್ಟಿದ ಶಿಷ್ಯರು, ಇವೆಲ್ಲ ಈ ಅಭಿನಂದನ ಸಂಪುಟದ ಬೇರೆ ಲೇಖನಗಳಲ್ಲಿ ಬಂದೇ ಬರುತ್ತವೆ. ಆದರೆ ಪಠ್ಯಕ್ರಮಕ್ಕೆ ಅವರು ಸೇರಿಸಿದ ಒಂದು ಪತ್ರಿಕೆಯ ಹುಟ್ಟನ್ನು ಇಲ್ಲಿ ಹೇಳಲೇಬೇಕು. ಅಂತಿಮ ವರ್ಷದ ಹುಡುಗಿಯೊಬ್ಬಳು ಪ್ರಾಯೋಗಿಕ ಪರೀಕ್ಷೆಯ ಹಿಂದಿನ ವಾರ ಮೆಟ್ಟಿಲಲ್ಲಿ ಜಾರಿ ಪಾದ ಮುರಿದುಕೊಂಡಳು. ಬಾಹ್ಯ ಪರೀಕ್ಷಕರು ಗೈರುಹಾಜರಿ ಹಾಕಲು ಹೊರಟಿದ್ದರು. ಮೇಡಂ ಆ ಹುಡುಗಿಯನ್ನು ಕುರ್ಚಿಯಲ್ಲಿ ಕೂರಿಸಿ, ಅವಳೆದುರು ಮೊದಲ ವರ್ಷದ ಮೂವರನ್ನು ನಿಲ್ಲಿಸಿದರು. "ಇವಳು ಕಲಿಸ್ತಾಳೆ, ನೀವು ನೋಡಿ. ಇವಳಿಗೆ ನೃತ್ಯ ಬರುತ್ತೋ ಇಲ್ವೋ ಅನ್ನೋದು ಅವರ ಮೈಯಲ್ಲಿ ಕಾಣುತ್ತೆ." ಮಧ್ಯಾಹ್ನವಾಗುವ ಹೊತ್ತಿಗೆ ಮೊದಲ ವರ್ಷದ ಮೂವರೂ ಅಂತಿಮ ವರ್ಷದ ಭಾಗವೊಂದನ್ನು ಕುಣಿಯುತ್ತಿದ್ದರು. ಪರೀಕ್ಷಕರು ಉತ್ತೀರ್ಣಗೊಳಿಸಿದರು. ಮರುವರ್ಷ 'ಕಲಿಸುವ ಪರೀಕ್ಷೆ' ಎಲ್ಲರಿಗೂ ಕಡ್ಡಾಯವಾಯಿತು. ಇಂದು ಅದಿಲ್ಲದ ನೃತ್ಯ ಪದವಿಯನ್ನು ಯಾರೂ ಪದವಿ ಎನ್ನುವುದಿಲ್ಲ.

ಹೀಗೆ ಎರಡು ವರ್ಷ ನಾಲ್ಕಾಯಿತು, ಹತ್ತಾಯಿತು, ಇಪ್ಪತ್ತಾಯಿತು. ಹೊರಗಿನಿಂದ ಆಹ್ವಾನ ಬಂದಾಗಲೆಲ್ಲ ಅವರು ಒಂದೇ ಉತ್ತರ ಕೊಡುತ್ತಿದ್ದರು: ಈ ಸಲದ ಮಕ್ಕಳ ಪರೀಕ್ಷೆ ಮುಗೀಲಿ. ಒಂದು ತಂಡದ ಪರೀಕ್ಷೆ ಮುಗಿಯುವಾಗ ಇನ್ನೊಂದು ತಂಡ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುತ್ತಿತ್ತು. ಆಹ್ವಾನಗಳು ನಿಂತುಹೋದವು. 'ಗಾಳಿ'ಯನ್ನು ಅವರು ಗುಂಪಿಗೆ ಹೊಂದಿಸಿ, ನಡೆಯುವವಳ ಹಿಂದೆ ಅದೇ ಗಾಳಿಗೆ ಸಿಕ್ಕ ಊರಿನ ಏಳು ಜನರನ್ನು ಸೇರಿಸಿ, ಪ್ರತಿ ತಂಡಕ್ಕೂ ಕಲಿಸಿದರು. ತಾವು ಮಾತ್ರ ವೇದಿಕೆ ಹತ್ತಲಿಲ್ಲ.

ತಂಗಿ ಒಂದು ದಿನ ಊಟದ ನಡುವೆ ಹೇಳಿದಳಂತೆ: "ಅಡುಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು ಅಂತಾರೆ. ನೀನು ಅಡುಗೇನೂ ಮಾಡಿದ್ದಾಯ್ತು, ಬಡಿಸಿದ್ದೂ ಆಯ್ತು. ಉಣ್ಣೋದು ಯಾವಾಗಕ್ಕಾ?"

ವಿಭಾಗಕ್ಕೆ ಇಪ್ಪತ್ತೈದು ತುಂಬಿದ ವರ್ಷ ವಿಶ್ವವಿದ್ಯಾಲಯ ದೊಡ್ಡ ಸಭಾಂಗಣದಲ್ಲಿ ಒಂದು ಸಂಜೆಯನ್ನು ಗೊತ್ತುಮಾಡಿತು. ಆ ವರ್ಷದ ಅಂತಿಮ ತರಗತಿಯಲ್ಲಿ ಎಂಟು ಮಂದಿ. ಅವರಲ್ಲೊಬ್ಬಳು ಮೈಯಲ್ಲಿ ಮಾಂಸವೇ ಇಲ್ಲದಷ್ಟು ಸಪೂರ. ಎಲ್ಲರೂ ಅವಳನ್ನು 'ಕಡ್ಡಿ' ಎನ್ನುತ್ತಿದ್ದರು. 'ಗಾಳಿ'ಯ ನಡೆಯುವವಳ ಪಾತ್ರ ಅವಳದೇ ಆಗಬೇಕಿತ್ತು. ಆ ಕಡ್ಡಿಯೇ ಎದ್ದು ನಿಂತು, "ಮೇಡಂ, ಈ ಸಲ ನಡೆಯೋವಳು ನೀವು. ನಾನು ಊರಿನವರ ಸಾಲಲ್ಲಿ ನಿಲ್ತೀನಿ," ಎಂದಳು. ಸಾಲಿನಲ್ಲಿದ್ದವಳೊಬ್ಬಳಿಗೆ ಆಗಲೇ ಬೇರೆ ನೃತ್ಯದಲ್ಲಿ ಮುಖ್ಯ ಪಾತ್ರ ಸಿಕ್ಕಿತ್ತು, ಅವಳ ಜಾಗ ಕಡ್ಡಿಗೆ ಬಂದು ಲೆಕ್ಕವೂ ಸರಿಹೋಯಿತು. ಮೇಡಂ ಗದರಿಸಿದರು, ಮಂಡಿ ನೋವು ಎಂದರು, ವಯಸ್ಸು ಎಂದರು. ಮನೆಗೆ ಹೋಗಿ ತಂಗಿಗೆ ಹೇಳಿದಾಗ ಅವಳು ನಗಲಿಲ್ಲ. "ಈ ಸಲ ಇಲ್ಲ ಅಂದ್ರೆ ಇನ್ನಿಲ್ಲ ಕಣಕ್ಕಾ. ಮಂಡಿ ವಿಷಯ ನಂಗೆ ಬಿಡು," ಎಂದಳು. ಅದು ನಿಜವೆಂದು ಅಕ್ಕನಿಗೂ ಗೊತ್ತಿತ್ತು. ನಿವೃತ್ತಿಗೆ ಎರಡೇ ವರ್ಷ ಉಳಿದಿತ್ತು. ಮಂಡಿಗಳು ಅಷ್ಟು ಕಾಯುವಂತೆ ಕಾಣುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಅವರು ಒಪ್ಪಿಕೊಂಡರು.

ಮೊದಲ ಕೂಡು ಅಭ್ಯಾಸದ ದಿನ ಅವರು ಮಕ್ಕಳಿಗೆ ಬೆನ್ನು ಮಾಡಿ, ಸಭೆಯಿರಬೇಕಾದ ಕಡೆಗೆ ಮುಖ ಮಾಡಿ ನಿಂತರು. ವಿಭಾಗ ಹುಟ್ಟಿದಾಗಿನಿಂದ ಜೊತೆಗಿದ್ದ ಡೋಲಿನ ಮೇಷ್ಟ್ರು ಕೈ ಬಿಸಿ ಮಾಡಿಕೊಂಡು ಶುರುಮಾಡಿದರು. ಹಿಂದಿನ ಏಳು ಮಂದಿ ಬಲಕ್ಕೆ ವಾಲಿದರು; ಮೇಡಂ ಎಡಕ್ಕೆ ಹೊರಟು ನೇರವಾಗಿ ಕಡ್ಡಿಗೆ ಡಿಕ್ಕಿ ಹೊಡೆದರು.

"ಎಡ ಯಾವುದು ಬಲ ಯಾವುದು ಗೊತ್ತಿಲ್ವೇನೇ? ಮೂರು ವರ್ಷ ಏನು ಕಲಿತೆ?"

ಕಡ್ಡಿ ತಲೆ ತಗ್ಗಿಸಿದಳು. ಮತ್ತೆ ಶುರುವಾಯಿತು, ಮತ್ತೆ ಡಿಕ್ಕಿ. ಈ ಸಲ ಬೈಗುಳ ಇನ್ನಷ್ಟು ಜೋರಾಯಿತು. ಮೂರನೆಯ ಸಲಕ್ಕೆ ಡೋಲಿನ ಮೇಷ್ಟ್ರು ಕೈ ನಿಲ್ಲಿಸಿದರು.

"ಮೇಡಂ, ಒಂದು ಮಾತು. ಊರಿನವರಿಗೆ ಗಾಳಿ ಆ ಕಡೆಯಿಂದ ಬೀಸ್ತಿದೆ. ನಿಮಗೆ ಮಾತ್ರ ಈ ಕಡೆಯಿಂದ ಬೀಸ್ತಿದೆ. ಒಂದೇ ಊರಲ್ಲಿ ಎರಡು ಗಾಳಿ ಹ್ಯಾಗೆ?"

ಮೇಡಂ ತಮ್ಮ ಎರಡೂ ಕೈಗಳನ್ನು ನೋಡಿಕೊಂಡರು. ಬೇರೆಯವರ ಕೈಗಳನ್ನು ತಿದ್ದುವಾಗ ನೋಡುವ ಹಾಗೆಯೇ ನೋಡಿದರು. ತಾವೇ ಕಟ್ಟಿದ ನೃತ್ಯ, ತಮ್ಮ ಯೌವನವನ್ನೆಲ್ಲ ಸುರಿದ ನೃತ್ಯ, ಈಗ ಅವರ ಮೈಯಲ್ಲಿ ತಿರುವುಮುರುವಾಗಿ ಕೂತಿತ್ತು. ಇಷ್ಟು ವರ್ಷ ಶಿಷ್ಯರ ಎದುರು ಬಿಂಬವಾಗಿ ಕುಣಿದೂ ಕುಣಿದೂ ಮೂಲ ಅಳಿಸಿಹೋಗಿ, ಬಿಂಬ ಮಾತ್ರ ಉಳಿದಿತ್ತು. ಅವರು ಕಡ್ಡಿಯ ಬಳಿ ಹೋಗಿ, "ತಪ್ಪು ನಿಂದಲ್ಲಮ್ಮ," ಎಂದಷ್ಟೇ ಹೇಳಿ, ಆ ದಿನದ ಅಭ್ಯಾಸ ಮುಗಿಸಿದರು.

ಮುಂದಿನ ದಿನಗಳಲ್ಲಿ ಅವರು ತರಗತಿಗೂ ಮೊದಲೇ ಬಂದು, ಕನ್ನಡಿಯ ಪರದೆ ಸರಿಸಿ, ಒಬ್ಬರೇ ಅಭ್ಯಾಸ ಮಾಡಿದರು. ಡೋಲಿಲ್ಲದೆ, ಒಂದೊಂದೇ ಹೆಜ್ಜೆಯನ್ನು ಯೋಚಿಸಿ ಇಟ್ಟಾಗ ಎಲ್ಲ ಸರಿಯಾಗುತ್ತಿತ್ತು. ಡೋಲು ಕೇಳಿದ ಕೂಡಲೇ ಮೈ ತನ್ನ ದಾರಿ ಹಿಡಿಯುತ್ತಿತ್ತು. ಯೋಚಿಸಿ ಸರಿಯಾಗಿ ಕುಣಿದರೆ ಅದು ನೃತ್ಯವಾಗಿರುತ್ತಿರಲಿಲ್ಲ, ನೃತ್ಯವಾದಾಗ ಸರಿಯಾಗಿರುತ್ತಿರಲಿಲ್ಲ. ಇದನ್ನು ಅವರಷ್ಟು ಚೆನ್ನಾಗಿ ಬಲ್ಲವರು ಆ ಕಟ್ಟಡದಲ್ಲಿ ಬೇರೆ ಯಾರಿದ್ದರು? "ಹುಟ್ಟುಗುಣ ಸುಟ್ರೂ ಹೋಗಲ್ಲ ಅಂತಾರೆ," ಎಂದರು ಡೋಲಿನ ಮೇಷ್ಟ್ರು, "ರೂಢಿ ಅದರ ದೊಡ್ಡಪ್ಪ ಮೇಡಂ." ಸಮಾಧಾನಕ್ಕೆ ಹೇಳಿದ ಮಾತದು. ಮೇಡಂಗೆ ಸಮಾಧಾನವಾಗಲಿಲ್ಲ.

ಒಂದು ಬೆಳಿಗ್ಗೆ ಅವರು ಬಂದಾಗ ಕಾರಿಡಾರಿನಲ್ಲಿ ಏಳೂ ಮಂದಿ ಸಾಲಾಗಿ ನಿಂತು, ಬಾಯಲ್ಲೇ ತಾಳ ಹಾಕಿಕೊಳ್ಳುತ್ತ, ಇಡೀ ನೃತ್ಯವನ್ನು ಎಡಬಲ ಬದಲಿಸಿ ಕುಣಿಯುತ್ತಿದ್ದರು. ಮೇಡಂ ಬಾಗಿಲ ಬಳಿ ನಿಂತು ನೋಡಿದರು. ಕಡ್ಡಿ ಓಡಿಬಂದಳು.

"ಮೇಡಂ, ನಾವೇ ತಿರುಗಿಸ್ಕೊಂಡ್ವಿ! ನೀವು ನಿಮ್ಮ ಥರಾನೇ ಕುಣೀರಿ. ಗಾಳಿ ಎಲ್ರಿಗೂ ಒಂದೇ ಕಡೆಯಿಂದ ಬೀಸುತ್ತೆ."

ಅವರು ಸಂತೋಷಪಡುವರೆಂದು ಹುಡುಗಿಯರು ಕಾದಿದ್ದರು. ಅವರು ಸಿಟ್ಟಾದರು. "ನಾನು ತಪ್ಪಿದ್ದಕ್ಕೆ ನೀವು ತಪ್ಪೋದಾ? ಮುಂದಿನ ತಿಂಗಳು ಇದೇ ನೃತ್ಯದಲ್ಲಿ ನಿಮ್ಮ ಪರೀಕ್ಷೆ ಇದೆ. ಮೈಗೆ ಹತ್ತಿದ್ದನ್ನ ಕೆಡಿಸ್ಕೊಂಡ್ರೆ ಮತ್ತೆ ಸರಿಮಾಡೋಕೆ ಎಷ್ಟು ವರ್ಷ ಬೇಕು ಅಂತ ನನ್ನ ನೋಡಿದ್ರೂ ಗೊತ್ತಾಗಲ್ವಾ?" ಮಾತು ಮುಗಿಸುವಾಗ ಅವರ ದನಿ ಸಿಟ್ಟಿನದಾಗಿರಲಿಲ್ಲ. "ಕಡ್ಡಿ, ನಡೆಯೋವಳು ನೀನೇ. ನಿನ್ನ ಜಾಗಕ್ಕೆ ಎಂಟನೆಯವಳನ್ನ ಕರೆಸ್ತೀನಿ. ಇವತ್ತಿಂದ ಅಭ್ಯಾಸ."

ಕಾರ್ಯಕ್ರಮದ ಸಂಜೆಗೆ ಹತ್ತು ದಿನ ಉಳಿದಿತ್ತು. ಕಡ್ಡಿ ಅಳುತ್ತಲೇ ನಡುವೆ ಬಂದು ನಿಂತಳು. ಮೇಡಂ ಎಂದಿನಂತೆ ಎದುರು ನಿಂತರು. ನಡೆಯುವವಳ ಭಾಗವನ್ನು ಒಮ್ಮೆ ಪೂರ್ತಿ ತೋರಿಸುತ್ತೇನೆ, ನೋಡು, ಎಂದು ಡೋಲಿನ ಮೇಷ್ಟ್ರಿಗೆ ಸನ್ನೆ ಮಾಡಿದರು. ಶುರುಮಾಡಿದವರು ನಡುವೆ ಎಲ್ಲಿಯೂ ನಿಲ್ಲಿಸಲಿಲ್ಲ. ಯಾರ ಭುಜವನ್ನೂ ತಿದ್ದಲಿಲ್ಲ, ಎಣಿಸಲಿಲ್ಲ, 'ಬಲಕ್ಕೆ' ಎನ್ನಲಿಲ್ಲ. ಕಡ್ಡಿ ಮೆಲ್ಲನೆ ಹಿಂದೆ ಸರಿದು ಸಾಲು ಸೇರಿಕೊಂಡಳು. ಸಾಲು ತಾನಾಗಿಯೇ ಗಾಳಿಗೆ ಬಾಗಿತು. ಏಳೂ ಮಂದಿ ಬಾಗಿದ ಕಡೆಗೇ ಅವರೂ ಬಾಗಿದ್ದರು. ಡೋಲು ನಿಂತಾಗ ಮೇಡಂ ಮೇಷ್ಟ್ರ ಕಡೆ ತಿರುಗಿದರು.

"ನೀವ್ಯಾಕೆ ನಿಲ್ಲಿಸ್ಲಿಲ್ಲ ಮೇಷ್ಟ್ರೇ?"

"ನೀವು ನಿಲ್ಲಿಸಿದ್ರೆ ತಾನೇ ನಾನು ನಿಲ್ಲಿಸೋದು."

"ಡಿಕ್ಕಿ ಆಯ್ತಾ?"

"ಎಲ್ಲಿಯ ಡಿಕ್ಕಿ! ಒಂದೇ ಊರು, ಒಂದೇ ಗಾಳಿ."

ಅವರು ನೆಲದ ಮೇಲೆ ಕೂತರು. ತುಂಬ ಹೊತ್ತು ಮಂಡಿ ಒತ್ತಿಕೊಳ್ಳುತ್ತ, ತಮ್ಮ ಬೆನ್ನ ಹಿಂದಿನ ಖಾಲಿ ಜಾಗವನ್ನು ತಿರುಗಿ ನೋಡಿದರು. ಸಭೆ ಅಲ್ಲಿರುತ್ತದೆ. ಹಾಗೆ ಕುಣಿದರೆ ಅವರ ಮುಖ ಸಭೆಗೆ ಕಾಣುವುದಿಲ್ಲ. ಇಷ್ಟು ವರ್ಷ ಕಾದದ್ದು ಒಮ್ಮೆ, ಒಂದೇ ಒಂದು ಸಲ, ತುಂಬಿದ ಸಭಾಂಗಣಕ್ಕೆ ಮುಖ ಕೊಟ್ಟು ಕುಣಿಯಬೇಕೆಂದು. ಅದು ಇನ್ನು ಆಗದ ಮಾತು ಎಂಬುದು ಅಲ್ಲಿ ಕೂತಾಗ ಅವರಿಗೆ ಖಚಿತವಾಯಿತು. ಕುಣಿಯುವುದು ಬೇಕೋ ಕಾಣುವುದು ಬೇಕೋ ಎಂದು ನನ್ನನ್ನೇ ಕೇಳಿಕೊಂಡೆ ಎಂದು ಮುಂದೊಮ್ಮೆ ತಂಗಿಗೆ ಹೇಳಿದರಂತೆ. ಉತ್ತರ ಏನಿತ್ತೆಂದು ತಂಗಿ ಕೇಳಲಿಲ್ಲ. ಅವರು ಎದ್ದು ನಿಂತು, "ಇನ್ನೊಂದ್ಸಲ," ಎಂದದ್ದು ಎಲ್ಲರಿಗೂ ಗೊತ್ತಿತ್ತು.

ಸುದ್ದಿ ಆಡಳಿತ ಭವನವನ್ನು ತಲುಪಲು ತಡವಾಗಲಿಲ್ಲ. ಈಗಿನ ಕುಲಸಚಿವರು ಸೌಜನ್ಯದ ಮನುಷ್ಯ. ಕರೆದು ಕೂರಿಸಿ, ಕಾಫಿ ತರಿಸಿ, ಮುಖ್ಯ ಅತಿಥಿಗಳು ಮುಂದಿನ ಸಾಲಿನಲ್ಲಿ ಕೂತಿರುವಾಗ ಅವರಿಗೆ ಬೆನ್ನು ತೋರಿಸಿ ಕುಣಿದರೆ ಜನ ಏನೆಂದಾರು ಎಂದು ಕೇಳಿದರು.

"ಸಾರ್, ನಾನು ಅವರಿಗೆ ಬೆನ್ನು ತೋರಿಸ್ತಿಲ್ಲ. ಮಕ್ಕಳಿಗೆ ಮುಖ ತೋರಿಸ್ತಿದೀನಿ. ನಂಗೆ ಬರೋದು ಅದೊಂದೇ."

ಕುಲಸಚಿವರು ಕಾಫಿಯ ಲೋಟವನ್ನು ಕೆಳಗಿಟ್ಟು, "ಆಯ್ತು ಮೇಡಂ. ಮುಖ್ಯ ಅತಿಥಿಗಳಿಗೆ ನಾನು ಹೇಳ್ಕೋತೀನಿ," ಎಂದರು.

ಆ ಸಂಜೆ ಸಭಾಂಗಣ ತುಂಬಿತ್ತು. ಹಳೆಯ ವಿದ್ಯಾರ್ಥಿಗಳು ದೂರದೂರದಿಂದ ಬಂದಿದ್ದರು. ಕುರ್ಚಿ ಸಾಲದೆ ಗೋಡೆಗೆ ಒರಗಿ ನಿಂತಿದ್ದರು. ಮೂರನೆಯ ಸಾಲಿನಲ್ಲಿ ತಂಗಿ, ಮಂಡಿಗೆ ಹಚ್ಚುವ ಮುಲಾಮನ್ನು ಕೈಚೀಲದಲ್ಲಿಟ್ಟುಕೊಂಡು ಕೂತಿದ್ದಳು. ದೀಪ ಬಂದಾಗ ವೇದಿಕೆಯ ಹಿಂಭಾಗದಲ್ಲಿ ಊರಿನ ಏಳು ಜನ ಸಭೆಗೆ ಮುಖ ಮಾಡಿ ನಿಂತಿದ್ದರು. ಮುಂಭಾಗದಲ್ಲಿ, ಸಭೆಗೆ ಬೆನ್ನು ಮಾಡಿ, ಬೂದುಬಣ್ಣದ ಉಡುಪಿನಲ್ಲಿ ನಡೆಯುವವಳು. ಅಲ್ಲಲ್ಲಿ ಗುಸುಗುಸು ಎದ್ದಿತು. ಯಾರೋ, "ತಿರುಗಲ್ವೇನೋ?" ಎಂದರು. ಡೋಲು ಶುರುವಾಯಿತು.

ನೃತ್ಯವನ್ನು ಬೆನ್ನಿನಿಂದ ನೋಡುವುದು ಹೇಗೆಂದು ಸಭೆಗೆ ತಿಳಿದಿರಲಿಲ್ಲ. ಕಲಿಯಲು ಸ್ವಲ್ಪ ಹೊತ್ತು ಹಿಡಿಯಿತು. ಮೊದಲು ಕಂಡದ್ದು ಹೆಗಲ ಮೂಳೆಗಳು, ಬೆವರಿ ಕತ್ತಿಗೆ ಅಂಟಿದ ಬಿಳಿಗೂದಲು, ಮುಂದಿಟ್ಟ ಹೆಜ್ಜೆ ಹಿಂದೆ ಬಂದಾಗ ನಡುಗುವ ಹಿಮ್ಮಡಿ. ಆಮೇಲೆ ಗಾಳಿ ಕಂಡಿತು. ನಡೆಯುವವಳ ಮುಖಕ್ಕೆ ಬಡಿದ ಗಾಳಿ ಏನು ಮಾಡುತ್ತಿದೆಯೆಂದು ಸಭೆಗೆ ಗೊತ್ತಾದದ್ದು ಎದುರಿನ ಏಳು ಮುಖಗಳಲ್ಲಿ. ಆ ಮುಖಗಳು ಅವರನ್ನೇ ನೋಡುತ್ತಿದ್ದವು. ಸುತ್ತುವಾಗ ಒಮ್ಮೊಮ್ಮೆ ಕೆನ್ನೆಯ ಅಂಚೊಂದು ಬೆಳಕಿಗೆ ಬಂದು ಹೋಯಿತು, ಅಷ್ಟೇ. ಕೊನೆಯಲ್ಲಿ ಅವರು ವೇದಿಕೆಯ ಬಲಮಗ್ಗುಲನ್ನು ಮುಟ್ಟಿ, ಮುಚ್ಚಿದ ಬಾಗಿಲೊಂದರ ಮೇಲೆ ಕೈಯಿಟ್ಟಂತೆ ಗಾಳಿಯ ಮೇಲೆ ಕೈಯಿಟ್ಟು ನಿಂತಾಗ, ಸಭೆ ಚಪ್ಪಾಳೆ ತಟ್ಟಿತು.

ವಂದಿಸಲು ತಿರುಗಿದಾಗ ಎಲ್ಲರಿಗೂ ಕಂಡದ್ದು ದಿನನಿತ್ಯದ ಮೇಡಂ ಮುಖ. ಮುಖ್ಯ ಅತಿಥಿಗಳು ಎದ್ದು ನಿಂತಿದ್ದರು. ಮರುದಿನ ಪತ್ರಿಕೆಯೊಂದು ಇದನ್ನು ದಿಟ್ಟ ಪ್ರಯೋಗವೆಂದು ಹೊಗಳಿ ಅರ್ಧ ಪುಟ ಬರೆಯಿತು. ಅದನ್ನು ಓದಿ ಹೇಳಿದ ಡೋಲಿನ ಮೇಷ್ಟ್ರಿಗೆ, "ಪ್ರಯೋಗ ಅಲ್ಲಪ್ಪಾ, ಅಭ್ಯಾಸ," ಎಂದು ಅವರು ನಕ್ಕರು. ಅದನ್ನೊಂದು ಗೆಲುವೆಂದು ಅವರು ಇಂದಿಗೂ ಹೇಳಿಕೊಂಡಿಲ್ಲ. ಮೂರನೆಯ ಸಾಲಿನಲ್ಲಿ ಕೂತಿದ್ದ ತಂಗಿಗೂ ಅಕ್ಕನ ಮುಖ ಕಾಣಲಿಲ್ಲವಲ್ಲ ಎಂಬ ನೋವು ಅವರಲ್ಲಿ ಉಳಿದಿದೆ.

ಆದರೆ ಪರದೆ ಬಿದ್ದ ಕೂಡಲೇ ನಡೆದದ್ದನ್ನು ಪತ್ರಿಕೆ ಬರೆಯಲಿಲ್ಲ. ಹುಡುಗಿಯರು ವೇದಿಕೆಯ ಮೇಲೆಯೇ ಅವರನ್ನು ಸುತ್ತುವರಿದರು. ಎಲ್ಲರಿಗೂ ಏದುಸಿರು ಹತ್ತಿತ್ತು. ಕಡ್ಡಿ ಮೂರು ವರ್ಷದ ರೂಢಿಯಂತೆ, ಬೈಸಿಕೊಳ್ಳಲು ಸಿದ್ಧಳಾಗಿ, ಮೊದಲ ಪ್ರಶ್ನೆ ಕೇಳಿದಳು.

"ಮೇಡಂ, ಎರಡನೇ ಸುತ್ತಲ್ಲಿ ನನ್ನ ಕೈ ಕೆಳಗಾಯ್ತಾ?"

ಮೇಡಂ ಉತ್ತರಕ್ಕೆ ಬಾಯಿ ತೆರೆದವರು ಹಾಗೇ ನಿಂತರು. ಅವಳ ಮುಖವನ್ನೂ ಕೈಯನ್ನೂ ನೋಡಿದರು. ನೆನಪಿಸಿಕೊಳ್ಳಲು ಪ್ರಯತ್ನಿಸಿದರು. ಇಷ್ಟು ವರ್ಷಗಳಲ್ಲಿ ಯಾವ ಶಿಷ್ಯೆಯ ಯಾವ ಕೈ ಎಲ್ಲಿತ್ತೆಂದು ಹೇಳಲಾಗದೆ ಅವರು ಹಾಗೆ ನಿಂತದ್ದು ಅದೇ ಮೊದಲು.

"ಗೊತ್ತಿಲ್ಲಮ್ಮ," ಎಂದರು. "ನಾನು ನಿಮ್ಮನ್ನ ನೋಡ್ಲೇ ಇಲ್ಲ."

ಹೇಳಿ, ತಮ್ಮ ಮಾತಿಗೆ ತಾವೇ ಬೆರಗಾಗಿ, ಎರಡೂ ಕೈಗಳಿಂದ ಕಡ್ಡಿಯ ಮುಖ ಹಿಡಿದುಕೊಂಡು ಅತ್ತರು.

ಪೂಜ್ಯರಾದ ನಮ್ಮ ಮೇಡಂ ಅವರಿಗೆ ಆರೋಗ್ಯವಿರಲಿ, ಮಂಡಿಗಳು ಅವರ ಮಾತು ಕೇಳಲಿ, ತಂಗಿಯ ಜೊತೆ ಬಹುಕಾಲ ಬಾಳಲಿ. ಅವರು ನೋಡಬೇಕಾದಷ್ಟು ನಮ್ಮನ್ನು ನೋಡಿದ್ದಾರೆ, ತಿದ್ದಬೇಕಾದಷ್ಟು ತಿದ್ದಿದ್ದಾರೆ. ಇನ್ನು ಮುಂದೆ ಅವರು ನಮ್ಮ ಯಾರ ಕಡೆಗೂ ನೋಡದೆ, ಮನಸ್ಸು ಬಂದ ದಿಕ್ಕಿಗೆ ಮುಖ ಮಾಡಿ, ದೀರ್ಘಕಾಲ ಕುಣಿಯುತ್ತಿರಲಿ.